ಹದಿನಾಲ್ಕನೆಯ ಮೊಳೆ

ಬೆಳಿಗ್ಗೆ ಏಳಕ್ಕೆ ಹುಬ್ಬಳ್ಳಿಯಲ್ಲಿ ಶಿಗ್ಗಾವಿ ಬಸ್ಸು ಹತ್ತಿದಾಗ ನನ್ನ ಅಂಗಿಯ ಕಿಸೆಯಲ್ಲಿ ಒಂದು ಹಿತ್ತಾಳೆ ಬಿಲ್ಲೆ ಇತ್ತು. ಅಂಚು ಸವೆದು ನುಣುಪಾದ, ನಡುವೆ ೧೪ ಎಂದು ಕೊರೆದ ಬಿಲ್ಲೆ. ಸವಣೂರಿನ ಹಮಾಲ ಫಕ್ಕೀರಪ್ಪನದು. ನಮ್ಮ ಇತಿಹಾಸ ವಿಭಾಗದ ಪ್ರದರ್ಶನಕ್ಕೆಂದು ನಾನೇ ಕೇಳಿ ತಂದಿದ್ದೆ. ಪ್ರದರ್ಶನದ ಚೀಟಿ ಇನ್ನೂ ಅದಕ್ಕೆ ಕಟ್ಟಿಕೊಂಡೇ ಇತ್ತು. ವಾಪಸು ಕೊಡುತ್ತೇನೆಂದ ದಿನ ದಾಟಿ ಆರು ದಿನವಾಗಿತ್ತು.

ನಾನು ವಿಶ್ವವಿದ್ಯಾಲಯವೊಂದರಲ್ಲಿ ಅತಿಥಿ ಉಪನ್ಯಾಸಕ. ಹೆಸರಿಗೆ ಅತಿಥಿ, ವರ್ಷವರ್ಷವೂ ಆದೇಶ ಬಂದರೆ ಪಾಠ, ಬಾರದಿದ್ದರೆ ಮನೆ. ಕಳೆದ ತಿಂಗಳು ವಿಭಾಗದಲ್ಲಿ ಬಂಡವಾಳ ಮತ್ತು ದುಡಿಮೆಯ ಮೇಲೆ ಎರಡು ದಿನದ ವಿಚಾರ ಸಂಕಿರಣವಿತ್ತು. ದುಡಿಯುವವರು ಬಳಸುವ ವಸ್ತುಗಳನ್ನು ಗಾಜಿನ ಪೆಟ್ಟಿಗೆಯಲ್ಲಿಡೋಣ ಎಂಬ ಜಾಣತನ ನನ್ನದು. ಅದಕ್ಕಾಗಿ ಸವಣೂರಿಗೆ ಹೋದಾಗ ಫಕ್ಕೀರಪ್ಪ ಹರ್ನಿಯಾ ಆಪರೇಶನ್ ಆಗಿ ಮನೆಯಲ್ಲಿದ್ದ. ಮೂರು ತಿಂಗಳು ಭಾರ ಎತ್ತಬಾರದೆಂದು ಡಾಕ್ಟರು ಹೇಳಿದ್ದರಂತೆ. "ಒಯ್ರಿ ಸರ. ಆದ್ರ ಅಮಾಸಿ ಮುಂಜಾನೆ ಇದು ಮೊಳಿ ಮ್ಯಾಲ ಇರಬೇಕ ನೋಡ್ರಿ" ಎಂದು ಕೊಟ್ಟಿದ್ದ. ಅಮಾವಾಸ್ಯೆಗೆ ಹಮಾಲರು ಬಿಲ್ಲೆ, ಚೀಲ ಎತ್ತುವ ಹುಕ್ಕುಗಳನ್ನು ತೊಳೆದು ಪೂಜೆ ಮಾಡುವುದು ನನಗೆ ಗೊತ್ತಿತ್ತು. ಅವನ ಮಾತನ್ನು ಟಿಪ್ಪಣಿ ಪುಸ್ತಕದಲ್ಲಿ 'ನಂಬಿಕೆಗಳು' ಎಂಬ ತಲೆಬರಹದ ಕೆಳಗೆ ಬರೆದುಕೊಂಡೆ.

ಸಂಕಿರಣ ಮುಗಿದರೂ ಪ್ರದರ್ಶನವನ್ನು ಒಂದು ವಾರ ಮುಂದುವರಿಸಿದರು. ದೊಡ್ಡವರೊಬ್ಬರು ನೋಡಲು ಬರುವವರಿದ್ದರು. ಬಿಲ್ಲೆಯೊಂದನ್ನು ಮಾತ್ರ ತೆಗೆದುಕೊಂಡು ಹೋಗುತ್ತೇನೆ ಎಂದು ಮುಖ್ಯಸ್ಥರಿಗೆ ಹೇಳಬಹುದಿತ್ತು, ಹೇಳಲಿಲ್ಲ. ನನ್ನ ಮುಂದಿನ ವರ್ಷದ ಆದೇಶಕ್ಕೆ ಅವರ ಸಹಿ ಬೇಕಲ್ಲ. ಅಮಾವಾಸ್ಯೆಯ ದಿನ ಫಕ್ಕೀರಪ್ಪ ಮೂರು ಸಲ ಫೋನು ಮಾಡಿದ್ದ. ನಾನು ಆಗ ದೊಡ್ಡವರ ಹಿಂದೆ ಹಿಂದೆ ತಿರುಗುತ್ತಿದ್ದೆ. ಸಂಜೆ ನಾನು ಮಾಡಿದಾಗ ಅವನು ಎತ್ತಲಿಲ್ಲ. ಮರುದಿನವೂ ಎತ್ತಲಿಲ್ಲ.

ಮೋಡ ಕವಿದ ದಿನ. ತಡಸ ಕ್ರಾಸಿನಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ದುಂಡಸಿ ಕಡೆಯ ಹೆಂಗಸರು ಬುಟ್ಟಿಗಳೊಂದಿಗೆ ಹತ್ತಿ, ಮಳೆ ಬಂದರೆ ಒಣಹಾಕಿದ ಗೋವಿನಜೋಳದ ಗತಿಯೇನು ಎಂದು ಮಾತಾಡುತ್ತಿದ್ದರು. ರಸ್ತೆಯುದ್ದಕ್ಕೂ ಜನ ಕಾಳು ಮುಚ್ಚಲು ತಾಡಪತ್ರಿ ಹಿಡಿದು ಓಡುತ್ತಿದ್ದರು. ಶಿಗ್ಗಾವಿಯಲ್ಲಿ ಇಳಿದು, ಒಂದು ಚಹಾ ಕುಡಿದು, ಸವಣೂರಿನ ಬಸ್ಸು ಹಿಡಿದೆ. ಹತ್ತೂವರೆಗೆಲ್ಲ ಮಾರುಕಟ್ಟೆಯಲ್ಲಿದ್ದೆ.

ಫಕ್ಕೀರಪ್ಪನ ಟೋಳಿಯಲ್ಲಿ ಇಪ್ಪತ್ತು ಜನ ಹಮಾಲರು. ಅವರ ಬಿಲ್ಲೆಗಳು ಅಂಗಡಿಯೊಂದರ ಗೋಡೆಯ ಹಲಗೆಯ ಮೇಲೆ, ಮೊಳೆಗೊಂದರಂತೆ ತೂಗುತ್ತವೆ. ಹದಿನಾಲ್ಕನೆಯ ಮೊಳೆ ಖಾಲಿ ಇರುತ್ತದೆ ಎಂದುಕೊಂಡಿದ್ದೆ. ಇರಲಿಲ್ಲ. ಹೊಸ ಬಿಲ್ಲೆಯೊಂದು ಅಲ್ಲಿ ಹೊಳೆಯುತ್ತಿತ್ತು, ಕುಂಕುಮ ಇನ್ನೂ ಮಾಸಿರಲಿಲ್ಲ.

ಟೋಳಿಯ ಮುಖಂಡ, ಮುಕಾದಮ ಮೌಲಾಸಾಬ ಚೀಲದ ಮೇಲೆ ಕುಳಿತಿದ್ದ. ನನ್ನ ಕೈಯಲ್ಲಿದ್ದದ್ದನ್ನು ನೋಡಿ ನಿಟ್ಟುಸಿರು ಬಿಟ್ಟ.

"ಈಗ ತಂದ್ರೇನ್ರಿ ಸರ? ಅಮಾಸಿ ದಿನಾ ಎಲ್ಲಾ ಬಿಲ್ಲೆ ಇಳಸ್ತೇವಿ, ಪೂಜಾ ಮಾಡಿ ಮತ್ತ ಹಾಕ್ತೇವಿ. ಅವತ್ತ ಯಾರ ಮೊಳಿ ಖಾಲಿ ಇರ್ತೈತಿ, ಅದು ಪಾಳಿ ಕಾಯೋರಿಗೆ ಹೋತು."

"ಒಂದು ಪೂಜಾಕ್ಕ ಇಷ್ಟೇನ್ರಿ?" ಎಂದೆ.

"ಪೂಜಾಕ್ಕಲ್ರಿ. ಹಿಂದ ಬಿಲ್ಲೆ ಬ್ಯಾರೆಯವ್ರಿಗೆ ಬಾಡಿಗಿ ಕೊಟ್ಟು ಮನ್ಯಾಗ ಕುಂದ್ರೋರು ಇದ್ರು. ಅದಕ್ಕ ಅಮಾಸಿಗೆ ಬಿಲ್ಲೆ ಇಲ್ಲಿ ಇರಬೇಕು, ಎಲ್ಲಿ ಹೋಗೈತಿ ಅಂತ ಕೇಳಂಗಿಲ್ಲ ಅಂತ ಹಿರ್ಯಾರು ಈ ರಿವಾಜ ಮಾಡ್ಯಾರ. ಬಿಲ್ಲೆ ತೂಗಾಕತ್ತಿತ್ತಂದ್ರ ಆಳು ಹಾಸಿಗಿ ಹಿಡಿದ್ರೂ ಜಾಗಾ ಅವಂದ, ನಮ್ಮ ದುಡಿಮ್ಯಾಗ ಪಾಲೂ ಅವಂಗ ಮುಟ್ಟತೈತಿ. ಇಲ್ಲಂದ್ರ ಇಲ್ಲ."

ತಪ್ಪು ನಮ್ಮದೆಂದು ವಿಭಾಗದಿಂದ ಪತ್ರ ಬರೆಸಿ ತರುತ್ತೇನೆ ಎಂದೆ. ಆ ಪತ್ರಕ್ಕೂ ಮುಖ್ಯಸ್ಥರ ಸಹಿ ಬೇಕೆಂಬುದು ಹೇಳುವಾಗಲೇ ನೆನಪಾಯಿತು.

"ಪತ್ರಾ ಮೊಳಿಗೆ ತೂಗಹಾಕೂನೇನ್ರಿ?" ಮೌಲಾಸಾಬ ನಕ್ಕ, ಆಮೇಲೆ ನಗು ನುಂಗಿಕೊಂಡ. "ಈಗ ಆ ಮೊಳಿ ಸಿಕ್ಕ ಹುಡುಗ ನಾಕ ವರ್ಷ ಪಾಳಿ ಕಾದಾನ. ಮನ್ಯಾಗ ಎರಡು ಕೂಸು. ಅವನ್ನ ಹೆಂಗ ಇಳಸ್ಲಿ, ನೀವs ಹೇಳ್ರಿ. ಫಕ್ಕೀರಪ್ಪ ಹಿರೇಕೆರೂರಾಗ ಗೋವಿನಜ್ವಾಳದ ಲಾರಿ ತುಂಬಾಕ ಹೋಗ್ಯಾನ. ಹೊಟ್ಟಿ ಕೇಳಬೇಕಲ್ರಿ."

"ಆಪರೇಶನ್ ಆಗಿ ಎರಡು ತಿಂಗಳೂ ಆಗಿಲ್ಲಲ್ರಿ."

"ಅದು ಅವಂಗೂ ಗೊತ್ತೈತ್ರಿ" ಎಂದು ಮೌಲಾಸಾಬ ಎದ್ದು ಹೋದ.

ಸವಣೂರಿನಿಂದ ಹಾನಗಲ್ಲಿಗೆ ಬಂದಾಗ ಮಧ್ಯಾಹ್ನ ದಾಟಿತ್ತು. ಹಿರೇಕೆರೂರಿನ ಬಸ್ಸಿಗೆ ಒಂದು ತಾಸು ಕಾಯಬೇಕಾಯಿತು. ನಿಲ್ದಾಣದ ಎದುರಿನ ಗೂಡಂಗಡಿಯಲ್ಲಿ ಗಿರಮಿಟ್ಟು ಕೊಂಡೆ, ಬಿಸಿ ಮೆಣಸಿನಕಾಯಿ ಬಜಿಯೂ ಇತ್ತು. ಎರಡು ತುತ್ತು ತಿಂದು ಪೊಟ್ಟಣ ಮಡಚಿಟ್ಟೆ. ಜಿಟಿಜಿಟಿ ಮಳೆ ಹಿಡಿಯಿತು. ಚೀಲದಿಂದ ಟಿಪ್ಪಣಿ ಪುಸ್ತಕ ತೆಗೆದು 'ನಂಬಿಕೆಗಳು' ಎಂಬುದನ್ನು ಹೊಡೆದುಹಾಕಿ 'ಕೆಲಸದ ಕರಾರು' ಎಂದು ಬರೆದೆ. ಬರೆದು ಯಾರಿಗೆ ಏನು ಉಪಕಾರವಾಯಿತೋ. ಹನ್ನೆರಡು ವರ್ಷ ದುಡಿಮೆಯ ಇತಿಹಾಸ ಪಾಠ ಮಾಡಿದವನು ನಾನು. ನನ್ನ ಮೇಲೆ ನನಗೇ ಹೇಸಿಕೆಯಾಯಿತು.

ಹಿರೇಕೆರೂರು ಮುಟ್ಟಿದಾಗ ಮೂರೂವರೆ. ಕೇಳಿಕೊಂಡು ಹೋದೆ, ಗೋವಿನಜೋಳದ ಗೋದಾಮು ಊರ ಹೊರಗೆ, ರಸ್ತೆಯ ಪಕ್ಕದಲ್ಲೇ ಇತ್ತು. ಲಾರಿಗೆ ಹಲಗೆ ಹಚ್ಚಿ ಐದಾರು ಜನ ಚೀಲ ಏರಿಸುತ್ತಿದ್ದರು. ಫಕ್ಕೀರಪ್ಪ ಮೂರನೆಯವನು. ಹೊಟ್ಟೆಗೆ ಟವೆಲ್ಲನ್ನು ಬಿಗಿಯಾಗಿ ಸುತ್ತಿದ್ದ. ನನ್ನನ್ನು ನೋಡಿದ, ಹೊತ್ತ ಚೀಲವನ್ನು ಲಾರಿಗೆ ಹಾಕಿಯೇ ಇಳಿದು ಬಂದ.

"ಬರ್ರಿ ಸರ, ಕುಂದರ್ರಿ. ಇಷ್ಟು ದೂರ ಯಾಕ ಬಂದ್ರಿ?"

ಬೈದಿದ್ದರೆ ಚೆನ್ನಾಗಿತ್ತು. "ನನ್ನಿಂದ ತಪ್ಪಾತು ಅಣ್ಣಾ" ಎಂದು ಬಿಲ್ಲೆ ಕೊಟ್ಟೆ. ಅವನು ಅದನ್ನು ಅಂಗಿಗೆ ಉಜ್ಜಿ ನೋಡಿದ.

"ಅಲ್ಲಿ ಮಂದಿ ನೋಡಿದ್ರೇನ್ರಿ ಇದನ್ನ?"

"ಬಾಳ ಮಂದಿ ನೋಡಿದ್ರು."

"ನಮ್ಮ ಅಪ್ಪನ ಕಾಲದ್ದು. ಇದರ ಸಲುವಾಗಿ ಮೂರು ಸಲ ಫೋನ್ ಹಚ್ಚಿದ್ನಿ" ಎಂದ. ದೂರಿನ ದನಿಯೇನೂ ಇರಲಿಲ್ಲ. ಆಮೇಲೆ ದಾರದಲ್ಲಿ ತೂಗುತ್ತಿದ್ದ ಚೀಟಿಯನ್ನು ಹಿಡಿದ. "ಇದೇನು ಬರದೀರಿ?"

ಕಿತ್ತುಕೊಳ್ಳಲು ಕೈ ಚಾಚಿದೆ. ಅಷ್ಟರಲ್ಲಿ ಅವನು ಅಕ್ಷರ ಕೂಡಿಸಿ ಗಟ್ಟಿಯಾಗಿ ಓದತೊಡಗಿದ್ದ: "ಹಮಾಲರ ಬಿಲ್ಲೆ. ಒಂದು ಕಾಲದಲ್ಲಿ ಬಳಕೆಯಲ್ಲಿತ್ತು."

ನನ್ನದೇ ಅಕ್ಷರ. ಹಳೆಯ ವಸ್ತು ಎಂದರೆ ನೋಡುವವರು ನಿಂತು ನೋಡುತ್ತಾರೆಂದು ಹಾಗೆ ಬರೆದಿದ್ದೆ. ಬರೆದಾಗ ಅದು ಸುಳ್ಳಾಗಿತ್ತು.

"ಬರೋಬರಿ ಬರದೀರಿ ಬಿಡ್ರಿ" ಎಂದ ಫಕ್ಕೀರಪ್ಪ. ಬಿಲ್ಲೆಯನ್ನು ಚೀಟಿಯ ಸಮೇತ ನನ್ನ ಅಂಗೈಯಲ್ಲಿಟ್ಟ. "ನಿಮ್ಮ ಗಾಜಿನ ಪೆಟಗ್ಯಾಗs ಇರಲಿ. ಮನಿಗೆ ಒಯ್ದ್ರ ನನ್ನ ಹೆಂಡತಿ ಅಳಕೋತ ಕುಂದರ್ತಾಳ."

ಲಾರಿಯವನು ಹಾರ್ನ್ ಹೊಡೆದ. "ಬರ್ತೇನ್ರಿ ಸರ, ಮಳಿ ಜೋರಾಗೋದರಾಗ ತುಂಬಬೇಕು" ಎಂದು ಟವೆಲ್ಲು ಬಿಚ್ಚಿ ಇನ್ನೂ ಬಿಗಿಯಾಗಿ ಕಟ್ಟಿಕೊಂಡು ಹೋದ.

ಐದು ಗಂಟೆಗೆ ಹಾವೇರಿಯ ಕಡೆಗೆ ಹೋಗುವ ಬಸ್ಸು ಸಿಕ್ಕಿತು. ಅದು ಗೋದಾಮಿನ ಮುಂದೆಯೇ ಹಾಯ್ದು ಹೋಯಿತು. ಲಾರಿ ಅರ್ಧ ತುಂಬಿತ್ತು. ಫಕ್ಕೀರಪ್ಪ ಒಂದು ಕೈಯಿಂದ ಹೊಟ್ಟೆ ಒತ್ತಿ ಹಿಡಿದುಕೊಂಡು ಮುಂದಿನ ಚೀಲಕ್ಕೆ ಬೆನ್ನು ಬಾಗಿಸಿ ನಿಂತಿದ್ದ.