ಅಬ್ಬಿಯ ಮೇಲೆ ಸುರಿದ ಬಕೆಟ್

ಟ್ಯಾಕೆಟ್ ಮೇಡಂ ಅವರಿಗೆ,

ನನ್ನ ಅಕ್ಷರ ಚೆನ್ನಾಗಿಲ್ಲ, ಕ್ಷಮಿಸಿ. ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವಳು ನಾನು. ಬೇಕಾದ ಮಾತು ಬೇಕಾದಾಗ ಸಿಗುವುದಿಲ್ಲ. ನೀವು ಮೀನು ಇಲಾಖೆಯಿಂದ ಎರಡು ಸಲ ಮನೆಗೆ ಬಂದು ನಮ್ಮ ಹಳ್ಳದ ಬಗ್ಗೆ ಕೇಳಿದಾಗ ನಾನು ಬಾಗಿಲ ಹಿಂದೆ ನಿಂತಿದ್ದೆ. ಇದನ್ನು ಮೂರು ಸಲ ತಿದ್ದಿ ಬರೆದಿದ್ದೇನೆ. ಗುರುವಾರ ನೀವು ನೀರು ಧುಮುಕುವ ಅಬ್ಬಿಯ ಮೇಲಿನ ಮಡುವಿನಿಂದ ಕೆಂಡರೆಕ್ಕೆ ಮೀನುಗಳನ್ನು ಹಿಡಿದು ಬೇರೆ ಮೂರು ಹಳ್ಳಗಳಿಗೆ ಬಿಡುತ್ತೀರಿ. ಅದಕ್ಕೆ ಮುಂಚೆ ನನ್ನ ಅಜ್ಜಿ ಡೆಲ್ಫಿಯಾ ಕ್ರ್ಯಾಬ್‌ಟ್ರೀ ಏನು ಮಾಡಿದಳು ಎಂಬುದು ನಿಮಗೆ ತಿಳಿದಿರಬೇಕು.

ಅಜ್ಜಿ ಹುಟ್ಟಿದ್ದು ಈ ಹಿಕರಿ ಹಳ್ಳದ ದಂಡೆಯಲ್ಲೇ. ಎಂಟು ಮಕ್ಕಳ ಮನೆ. ಮೇ ತಿಂಗಳಲ್ಲಿ ಕೆಲಸಕ್ಕೆ ಕರೆದರೆ ಅವಳು ಸಿಗುತ್ತಿರಲಿಲ್ಲವಂತೆ. ಚಪ್ಪಟೆ ಬಂಡೆಯ ಮೇಲೆ ಬೋರಲು ಮಲಗಿ, ಕೊಂಬುತಲೆ ಮೀನು ಗೂಡು ಕಟ್ಟುವುದನ್ನು ನೋಡುತ್ತಿದ್ದಳು. ಆ ಮೀನು ಬಾಯಲ್ಲಿ ಒಂದೊಂದೇ ಹರಳುಗಲ್ಲು ಕಚ್ಚಿ ತಂದು ಗುಡ್ಡೆ ಹಾಕುತ್ತದೆ. ದಿನಗಟ್ಟಲೆ, ಸಾವಿರಾರು ಕಲ್ಲು. ಗುಡ್ಡೆ ಎದ್ದ ಮೇಲೆ ಕೆಂಡರೆಕ್ಕೆಗಳು ಬರುತ್ತವೆ. ಅವಕ್ಕೆ ಸ್ವಂತ ಗೂಡಿಲ್ಲ. ಕೊಂಬುತಲೆಯ ಕಲ್ಲುಗಳ ನಡುವೆಯೇ ಮೊಟ್ಟೆಯಿಡುತ್ತವೆ. ಆಗ ಗಂಡುಗಳ ರೆಕ್ಕೆ ಊದಿದ ಕೆಂಡದ ಹಾಗೆ ಕೆಂಪು. ಬಾಲದ ಬುಡದಲ್ಲಿ ಮೆಣಸಿನ ಕಾಳಿನಷ್ಟು ಕಪ್ಪು ಚುಕ್ಕೆ.

ಇವೆಲ್ಲ ನಿಮಗೆ ಗೊತ್ತಿರುವುದೇ. ಆದರೆ ಅಜ್ಜಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಗುಡ್ಡದ ಆಚೆ ಇಂಥದೇ ಇನ್ನೊಂದು ಮೀನಿದೆ, ರೆಕ್ಕೆ ಹಳದಿ, ಚುಕ್ಕೆಯ ಜಾಗದಲ್ಲಿ ಗೆರೆ, ಎಂದು ಅವಳೇ ಕಂಡುಕೊಂಡಿದ್ದಳು. ಗುಡ್ಡದ ನೆತ್ತಿಗೆ ಬಿದ್ದ ಮಳೆಯಲ್ಲಿ ಅರ್ಧ ಈಚೆ ಇಳಿದು ಬಡಗಲ ಹೊಳೆ ಸೇರುತ್ತದೆ, ಅರ್ಧ ಆಚೆ ಇಳಿದು ತೆಂಕಲ ಕಡಲಿಗೆ ಹೋಗುತ್ತದೆ.

"ಒಂದೇ ಗುಡ್ಡಕ್ಕೆ ಬೆನ್ನು ಕೊಟ್ಟು ಕೂತಿರೋ ಎರಡು ಮನೆ ಕಣೇ ಅವು," ಎನ್ನುತ್ತಿದ್ದಳು. "ಒಬ್ಬರ ಮುಖ ಒಬ್ಬರು ಯಾವತ್ತೂ ನೋಡಿಲ್ಲ."

ಹದಿನೆಂಟಕ್ಕೆ ಅವಳು ಅರ್ವಿಲ್ ಅಜ್ಜನನ್ನು ಮದುವೆಯಾದಳು. ಅಜ್ಜ ನೂಲಿನ ಗಿರಣಿಯಲ್ಲಿದ್ದ. ಗಿರಣಿ ಮುಚ್ಚಿದ ಮೇಲೆ ಇಬ್ಬರೂ ಸೇರಿ ಸೇತುವೆಯ ಪಕ್ಕದಲ್ಲಿ ಗಾಳಕ್ಕೆ ಸಿಕ್ಕಿಸುವ ಮರಿಮೀನು, ಎರೆಹುಳ ಮಾರುವ ಅಂಗಡಿ ಹಾಕಿದರು. ನಮ್ಮ ಹಳ್ಳದ ಮೀನು ಹಿಡಿದು ಮಾರಲು ಅಜ್ಜನಿಗೆ ಮನಸ್ಸು ಬರಲಿಲ್ಲ. ನಮ್ಮವು ನಮ್ಮ ಪಾಡಿಗಿರಲಿ ಎಂದು ವಾರಕ್ಕೆರಡು ಸಲ ಪಿಕಪ್ ಹತ್ತಿ ಗುಡ್ಡ ದಾಟಿ, ಆಚೆಯ ಹಳ್ಳದಿಂದ ಹಳದಿ ರೆಕ್ಕೆಯವನ್ನು ತರುತ್ತಿದ್ದ. ಅವನು ಚರ್ಚಿನಲ್ಲಿ ಹಿರಿಯ. ಭಾನುವಾರ ಯಾವ ಜೀವವೂ ತೊಟ್ಟಿಯಲ್ಲಿ ಉಸಿರುಗಟ್ಟಬಾರದು ಎಂಬುದು ಅವನ ನೇಮ. ಶನಿವಾರ ಸಂಜೆ ಐದಕ್ಕೆ ಅಂಗಡಿ ಮುಚ್ಚುವಾಗ, ಮಾರದೆ ಉಳಿದ ಮರಿಗಳನ್ನೆಲ್ಲ ಬಕೆಟ್ಟಿಗೆ ತುಂಬಿ ಹಳ್ಳಕ್ಕೆ ಸುರಿಯುತ್ತಿದ್ದರು.

ಗಿರಾಕಿ ಹೋಬರ್ಟ್ ಪ್ರತಿ ವಾರ ಕೆಣಕುತ್ತಿದ್ದನಂತೆ: "ಏನಪ್ಪಾ ಅರ್ವಿಲ್, ನಿನ್ನ ಮೀನಿಗೂ ಭಾನುವಾರ ರಜಾನಾ?"

"ಚರ್ಚಿಗೆ ನೀನಂತೂ ಬರಲ್ಲ. ಅವಾದ್ರೂ ಹೋಗ್ಲಿ ಬಿಡು."

ಮೂವತ್ತೊಂದು ವರ್ಷ ಹೀಗೇ ಸುರಿದರು. ತಪ್ಪು ಎಂದು ಯಾರಿಗೂ ಅನ್ನಿಸಲಿಲ್ಲ. ಈ ಕಣಿವೆಯಲ್ಲಿ ಗಾಳ ಹಾಕುವವರೆಲ್ಲ ದಿನದ ಕೊನೆಗೆ ಹಾಗೇ ಮಾಡುತ್ತಿದ್ದರು. ಉಳಿದದ್ದನ್ನು ಕೊಲ್ಲುವುದಕ್ಕಿಂತ ಬಿಡುವುದು ಒಳ್ಳೆಯದಲ್ಲವೇ?

ಮೊದಲು ಕಂಡದ್ದು ಅಜ್ಜಿಗೆ. ಒಂದು ಮೇ ತಿಂಗಳಲ್ಲಿ ಸೇತುವೆಯ ಕೆಳಗಿನ ಗುಡ್ಡೆಯ ಮೇಲೆ ಕೆಂಪೂ ಅಲ್ಲದ, ಹಳದಿಯೂ ಅಲ್ಲದ ರೆಕ್ಕೆ. ಚುಕ್ಕೆ ಒದ್ದೆ ಬೆರಳಲ್ಲಿ ಒರೆಸಿದ ಹಾಗೆ ಉದ್ದಕ್ಕೆ ಹರಡಿತ್ತು. ಎರಡು ಮನೆಯವರೂ ಒಂದೇ ಕಲ್ಲಿನ ತೊಟ್ಟಿಲಲ್ಲಿ ಮೊಟ್ಟೆಯಿಟ್ಟಿದ್ದರು. ಹತ್ತು ವರ್ಷದಲ್ಲಿ ಸೇತುವೆಯಿಂದ ಅಬ್ಬಿಯವರೆಗೆ ಒಂದೇ ಒಂದು ಕೆಂಡರೆಕ್ಕೆ ಉಳಿಯಲಿಲ್ಲ. ಅದರ ಹಾಗೆ ಕಾಣುವ, ಅದಲ್ಲದ ಬೆರಕೆ ಮೀನು ಮಾತ್ರ ಉಳಿಯಿತು. ಅಜ್ಜ ಅಂಗಡಿ ಮುಚ್ಚಿದ. ಏಕೆಂದು ಯಾರಿಗೂ ಹೇಳಲಿಲ್ಲ.

ಅಜ್ಜ ತೀರಿಕೊಂಡು ನಾಲ್ಕು ವರ್ಷವಾಯಿತು. ಕೊನೆಯ ವಾರದಲ್ಲಿ ಅವನು ಅಜ್ಜಿಯ ಕೈ ಹಿಡಿದು, "ಅಬ್ಬಿ ಮೇಲಿನವು ಇದಾವಲ್ಲ ಡೆಲ್ಫೀ, ಅಷ್ಟು ಸಾಕು. ಅಲ್ಲಿಗೆ ಕೆಳಗಿನವು ಹತ್ತಕ್ಕಾಗಲ್ಲ," ಎಂದ. ಅಜ್ಜಿ ಹೂಂ ಎಂದಳು. ನಾನು ಅಲ್ಲೇ ಇದ್ದೆ.

ಆಮೇಲೆ ಅವಳ ಜೊತೆ ಇರಲು ನಾನು ಬಂದೆ. ಮುಚ್ಚಿದ ಅಂಗಡಿಯಲ್ಲಿ ಒಂದು ತೊಟ್ಟಿಯ ಪಂಪು ಇನ್ನೂ ಓಡುತ್ತಿತ್ತು. ನೀರು ತುಂಬಿತ್ತು, ಗುಳ್ಳೆ ಏಳುತ್ತಿತ್ತು, ಮೀನಿರಲಿಲ್ಲ. ನಾನು ಒಮ್ಮೆ ನಿಲ್ಲಿಸಿದೆ. ಅವಳೇ ಹೋಗಿ ಮತ್ತೆ ಹಾಕಿ ಬಂದಳು. ಶನಿವಾರ ಐದಾದರೆ ಬಕೆಟ್ ಹಿಡಿದು ದಂಡೆಗೆ ಇಳಿಯುತ್ತಿದ್ದಳು. ಖಾಲಿ ಬಕೆಟ್. ಅದನ್ನು ನಿಧಾನವಾಗಿ ಬಗ್ಗಿಸಿ, ಏನೋ ಇಳಿದು ಹೋಗುವಷ್ಟು ಹೊತ್ತು ಹಿಡಿದು, ಆಮೇಲೆ ಎತ್ತುತ್ತಿದ್ದಳು. ಮಜ್ಜಿಗೆಯಲ್ಲಿ ಮುಸುಕಿನ ಜೋಳದ ಬ್ರೆಡ್ಡು ನೆನೆಸಿ ತಿನ್ನುವಾಗ ಚಮಚ ನಿಲ್ಲಿಸಿಬಿಡುತ್ತಿದ್ದಳು.

"ಕಲ್ಲಿನ ಸದ್ದು ಕೇಳಿಸ್ತಾ?"

"ಇಲ್ಲ ಅಜ್ಜಿ."

"ಒಂದರ ಮೇಲೊಂದು ಇಡ್ತಾ ಇದೆ ನೋಡು. ಟಿಕ್. ಟಿಕ್."

ಈಗ ನನಗೂ ಕೇಳಿಸುತ್ತದೆ. ಸುಳ್ಳು ಹೇಳುತ್ತಿಲ್ಲ. ಹಳ್ಳ ಅಡಿಗೆಮನೆಯಿಂದ ಅಷ್ಟು ದೂರವಿದ್ದರೂ ಕೇಳಿಸುತ್ತದೆ.

ನೀವು ಎರಡನೇ ಸಲ ಬಂದಾಗ ಅಜ್ಜಿಯನ್ನು ಕೇಳಿದಿರಿ, ಅಬ್ಬಿಯ ಮೇಲೆ ಯಾರಾದರೂ ಯಾವತ್ತಾದರೂ ಮೀನು ಬಿಟ್ಟಿದ್ದಾರಾ ಎಂದು. ಅವಳು ಇಲ್ಲ ಎಂದಳು. ನಿಮ್ಮ ಗಾಡಿ ತಿರುವು ದಾಟಿದ ಮೇಲೆ ನನ್ನನ್ನು ಕರೆದಳು.

"ಸೇಬ್ರಾ, ಬಾಗಿಲು ಹಾಕು. ಕೂತ್ಕೋ. ಆಯಮ್ಮನ ಹತ್ರ ಸುಳ್ಳು ಹೇಳಿದೆ."

"ಅಜ್ಜ ಸುರಿದಿದ್ನಾ?"

"ಅಯ್ಯೋ, ಅವನ್ಯಾಕೆ ಸುರೀತಾನೆ? ಮೇಲೆ ಹೋಗ್ಬೇಡ, ಮೊಣಕಾಲು ಮುರ್ಕೋತೀಯ ಅಂತ ಬೈತಿದ್ದ. ನಾನೇ ಹೋದೆ. ಕೆಳಗೆ ಸುರಿದ್ರೆ ಆ ನೀಲಿ ಕೊಕ್ಕರೆ ಶನಿವಾರ ಅಂತ ಗೊತ್ತಿದ್ದ ಹಾಗೆ ಬಂದು ಕಾಯ್ತಾ ನಿಂತಿರೋದು. ನೀರಲ್ಲಿ ದೊಡ್ಡ ಬಾಸ್ ಮೀನು ಬಾಯಿ ಬಿಟ್ಕೊಂಡು ಇರ್ತಿತ್ತು. ಬಿಟ್ಟ ಹಾಗಲ್ಲ, ಬಡಿಸಿದ ಹಾಗೆ. ಅಬ್ಬಿ ಮೇಲೆ ಬಾಸ್ ಇಲ್ವಲ್ಲ, ಅಲ್ಲಾದ್ರೂ ಬದುಕ್ಕೊಳ್ಳಲಿ ಅಂತ ಹೊತ್ಕೊಂಡು ಹತ್ತಿದೆ. ಒಂದೇ ವಸಂತದಲ್ಲಿ. ಏಳು ಶನಿವಾರ."

"ಅಜ್ಜನಿಗೆ ಗೊತ್ತಿತ್ತಾ?"

"ಸಾಯೋವಾಗ ಅವನು ಕೈ ಹಿಡಿದು ಅಷ್ಟು ಸಾಕು ಅಂದಾಗ ಏನಂತ ಹೇಳ್ಲಿ? ಹೂಂ ಅಂದೆ. ಆ ಹೂಂ ಇದೆಯಲ್ಲ, ಅದು ನನ್ನ ಮಲಗಕ್ಕೆ ಬಿಡ್ತಿಲ್ಲ."

ಮರುದಿನ ನಾನು ಅಬ್ಬಿ ಹತ್ತಿದೆ. ಮಡುವಿನ ಪಕ್ಕ ಬೋರಲು ಮಲಗಿ ಎರಡು ಗಂಟೆ ನೋಡಿದೆ. ಒಂದೇ ಮೀನನ್ನು ಎರಡು ಸಲ ಎಣಿಸದ ಹಾಗೆ ಗುಡ್ಡೆಯ ಒಂದು ಬದಿಯನ್ನು ಮಾತ್ರ ಎಣಿಸಿದೆ. ಚುಕ್ಕೆ ಇದ್ದವು ನಲವತ್ತೊಂದು. ಇನ್ನು ಮೂರರಲ್ಲಿ ಚುಕ್ಕೆ ಹರಡಿತ್ತು. ಆ ಮೂರರಲ್ಲೊಂದು ಬಹಳ ಹತ್ತಿರ ಬಂದು ನನ್ನ ಮುಖದ ನೆರಳಿನಲ್ಲಿ ನಿಂತಿತು. ಅದರ ರೆಕ್ಕೆಯೂ ಕೆಂಪಾಗಿಯೇ ಇತ್ತು. ಮೇಲಿನಿಂದ ನೋಡಿದವರು ಕೆಂಡರೆಕ್ಕೆ ಎಂದೇ ಹೇಳುತ್ತಿದ್ದರು. ಅದು ಕದಲಲಿಲ್ಲ. ನಾನೇ ಮೊದಲು ಎದ್ದೆ.

ಮನೆಗೆ ಬಂದು ಎಣಿಕೆ ಹೇಳಿದೆ. ಅಜ್ಜಿ ಕಿಟಕಿಯ ಕಡೆ ತಿರುಗಿದಳು.

"ಮುಂದೆ ಇನ್ನೂ ಮೂರು ಹಳ್ಳಕ್ಕೆ ನನ್ನ ಬಕೆಟ್ಟು ಹೋಗುತ್ತೆ ಹಾಗಾದ್ರೆ," ಎಂದಳು. ಆಮೇಲೆ, "ಬರಿ. ನಿನಗೆ ಹೇಳಕ್ಕಂತೂ ಬಾಯಿ ಬರಲ್ಲ, ಬರಿ."

"ಅಜ್ಜನ ಹೆಸರು?"

"ಅವನದ್ದೂ ಬರಿ. ಆದ್ರೆ ಅಬ್ಬಿ ಮೇಲಿಂದು ನನ್ನ ಹೆಸರಲ್ಲಿ ಬರಿ. ಡೆಲ್ಫಿಯಾ ಅಂತ ಸರಿಯಾಗಿ ಬರಿ, ಮೊನ್ನೆ ಚೀಟೀಲಿ ನೀನು ಕೆಡಿಸಿದ್ದೆ."

ನಗಲು ನೋಡಿದಳು, ಆಗಲಿಲ್ಲ. ಆ ಶನಿವಾರ ಅವಳು ಬಕೆಟ್ ಹಿಡಿಯಲಿಲ್ಲ. ಪಂಪು ಮಾತ್ರ ಓಡುತ್ತಲೇ ಇದೆ. ನಿಲ್ಲಿಸು ಎಂದು ಅವಳು ಹೇಳಿಲ್ಲ, ನಾನೂ ಕೇಳಿಲ್ಲ.

ಒಂದು ವಿಷಯ ಉಳಿದಿದೆ. ಮಡುವಿನಿಂದ ಅರ್ಧ ಮೈಲಿ ಮೇಲೆ ಇನ್ನೊಂದು ಸಣ್ಣ ಅಬ್ಬಿ ಇದೆ, ಎದೆಯೆತ್ತರದ್ದು. ಅಜ್ಜಿ ಅಲ್ಲಿಯವರೆಗೆ ಯಾವತ್ತೂ ಹೋಗಿಲ್ಲವಂತೆ. ಅದರ ಮೇಲೆ ಬೆರಕೆಯಾಗದ ಮೀನಿದೆಯೋ ಇಲ್ಲವೋ ಅವಳಿಗೆ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಗುರುವಾರ ಬೆಳಿಗ್ಗೆ ಏಳಕ್ಕೆ ನಾನು ಸೇತುವೆಯ ಹತ್ತಿರ ನಿಂತಿರುತ್ತೇನೆ. ನೀವು ಬಲೆ ಇಳಿಸುವ ಮೊದಲೇ ಈ ಹಾಳೆಗಳನ್ನು ನಿಮ್ಮ ಕೈಗೆ ಕೊಡುತ್ತೇನೆ. ನೀವು ಓದಿದ ಮೇಲೆ ಅಜ್ಜಿ ಸುರಿದ ಜಾಗ ತೋರಿಸಿ, ನಿಮ್ಮ ಜೊತೆ ಎರಡನೇ ಅಬ್ಬಿ ಹತ್ತುತ್ತೇನೆ.

ಸೇಬ್ರಾ ಕ್ರ್ಯಾಬ್‌ಟ್ರೀ