ಕೊಟ್ರಪ್ಪನವರ ನಡಿಗೆ

ತಪ್ಪು ನನ್ನದೇ. ಕೊಳ್ಳಬೇಕೆಂದು ಮನಸ್ಸಿಟ್ಟಿದ್ದ ಮನೆಯ ಎದುರಿಗೇ, ಆ ಮನೆಯ ತೀರಿಕೊಂಡ ಯಜಮಾನರ ಹಾಗೆ ನಡೆದು ತೋರಿಸಿದೆ. ಚಹಾದಂಗಡಿಯ ಬೆಂಚಿನ ಮೇಲೆ ಕೂತಿದ್ದ ನಾಲ್ಕು ಜನರನ್ನು ನಗಿಸಬೇಕಿತ್ತು, ಅಷ್ಟೇ. ಆ ಯಜಮಾನರನ್ನು ನಾನು ಒಮ್ಮೆಯೂ ಕಂಡವನಲ್ಲ. ಇಷ್ಟು ಒಪ್ಪಿಕೊಂಡ ಮೇಲೆ ನನ್ನ ಪರವಾಗಿ ಹೇಳಲು ಹೆಚ್ಚೇನೂ ಉಳಿಯುವುದಿಲ್ಲ. ಆದರೂ ಹೇಳುತ್ತೇನೆ, ಸುಮ್ಮನಿರುವುದು ನನಗೆ ಹುಟ್ಟಿನಿಂದಲೇ ಬಂದಿಲ್ಲ.

ನಾನು ಜಗಳೂರಿನ ಕಡೆಯವನು. ಚನ್ನಗಿರಿಯ ಒಂದು ಲ್ಯಾಬಿನಲ್ಲಿ ಜನರ ರಕ್ತ ತೆಗೆಯುವುದು ಉದ್ಯೋಗ, ಜನರ ಅಣಕು ಮಾಡುವುದು ಚಟ. ಬಸ್ ನಿಲ್ದಾಣದಲ್ಲಿ ಒಂದೇ ಉಸಿರಿಗೆ ‘ಹೊನ್ನಾಳಿ ನ್ಯಾಮತಿ ಹೊನ್ನಾಳಿ ನ್ಯಾಮತಿ’ ಎನ್ನುವ ಕಂಡಕ್ಟರ್, ಸೊಸೆಯ ರಕ್ತದ ವರದಿಯನ್ನು ತಲೆಕೆಳಗಾಗಿ ಹಿಡಿದು ಗಂಭೀರವಾಗಿ ಓದುವ ಮಾವ, ಸೂಜಿ ಕಂಡೊಡನೆ ಮನೆದೇವರನ್ನು ನೆನೆಯುವ ಪೈಲ್ವಾನ, ಎಲ್ಲರೂ ನನ್ನೊಳಗೆ ಬಾಡಿಗೆಗಿದ್ದಾರೆ. ಸೂಜಿ ಚುಚ್ಚಿಸಿಕೊಳ್ಳುವಾಗಿನ ನನ್ನದೇ ಮುಖವನ್ನೂ ಮಾಡಿ ತೋರಿಸುತ್ತೇನೆ. ರೋಗಿ ನಗುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ.

ಮೂರು ವರ್ಷ ಊರ ಹೊರಗಿನ ಹೊಸ ಬಡಾವಣೆಯಲ್ಲಿ ಬಾಡಿಗೆಗಿದ್ದೆ. ಅಲ್ಲಿ ಅಗಲವಾದ ರಸ್ತೆಗಳಿವೆ, ನಡೆಯುವವರಿಲ್ಲ. ಒಂದು ಎಸಳು ಕರಿಬೇವು ಬೇಕಾದರೂ ಬೈಕ್ ಒದೆಯಬೇಕು. ಪಕ್ಕದ ಮನೆಯವರನ್ನು ನಾನು ಅವರ ಹೆಲ್ಮೆಟ್ಟಿನಿಂದಲೇ ಗುರುತಿಸುತ್ತಿದ್ದೆ. ಒಂದು ಬೆಳಿಗ್ಗೆ ಅವರು ಬರಿದಲೆಯಲ್ಲಿ ಲ್ಯಾಬಿಗೆ ಬಂದರು. ನಾನು ಹೆಸರು ಕೇಳಿದೆ, ವಿಳಾಸ ಕೇಳಿದೆ, ಬರೆದುಕೊಂಡೆ. ಬರೆದ ವಿಳಾಸವನ್ನು ಮತ್ತೆ ಓದಿದಾಗ ಇಬ್ಬರಿಗೂ ನಾಚಿಕೆಯಾಯಿತು. ಆದರೂ ಮರುದಿನ ಹೆಲ್ಮೆಟ್ ಹಾಕಿಕೊಂಡೇ ಕೈ ಎತ್ತಿದೆವು.

ಹೀಗಿರುವಾಗ ನನ್ನ ಬೈಕ್ ಕೆಟ್ಟು ಎಂಟು ದಿನ ಗ್ಯಾರೇಜಿನಲ್ಲಿ ಮಲಗಿತು. ನಡೆಯುವುದು ಅನಿವಾರ್ಯವಾಯಿತು. ಕೋಟೆಗುಡ್ಡದ ಬುಡದಲ್ಲಿರುವ ಹಳೆಯ ಬೀದಿಯನ್ನು ನಾನು ಕಂಡದ್ದು, ಅಥವಾ ಕೇಳಿದ್ದು, ಆಗಲೇ. ಕೇಳಿದ್ದು ಎನ್ನುವುದೇ ಸರಿ. ಅಲ್ಲಿ ಚರಂಡಿಯ ಮೇಲೆ ಉದ್ದಕ್ಕೂ ಕಲ್ಲುಚಪ್ಪಡಿ ಹಾಸಿದೆ. ಕೆಳಗೆ ಟೊಳ್ಳು. ಯಾರು ನಡೆದರೂ ಬೀದಿಗೆಲ್ಲ ಗೊತ್ತಾಗುತ್ತದೆ. ಮನೆಗೆ ಮನೆ ಅಂಟಿಕೊಂಡು, ಜಗಲಿಗೆ ಜಗಲಿ ತಾಗಿಕೊಂಡು ನಿಂತ ಆ ಬೀದಿಯಲ್ಲಿ ಜನ ಒಬ್ಬರನ್ನೊಬ್ಬರು ಕಿವಿಯಿಂದಲೇ ನೋಡುತ್ತಾರೆ.

ಅಣಕು ಮಾಡುವವನಿಗೆ ಇದಕ್ಕಿಂತ ದೊಡ್ಡ ಪಾಠಶಾಲೆ ಬೇಕೆ? ದನಿಯನ್ನು ಯಾರು ಬೇಕಾದರೂ ಬದಲಿಸಿಕೊಳ್ಳಬಹುದು. ಸಾಹೇಬರ ಮುಂದೆ ಒಂದು ದನಿ, ಸಾಹೇಬರು ಹೋದ ಮೇಲೆ ಇನ್ನೊಂದು. ನಡಿಗೆ ಹಾಗಲ್ಲ. ಅದರಲ್ಲಿ ಸುಳ್ಳು ಹೇಳುವುದನ್ನು ಯಾರೂ ಕಲಿತಿಲ್ಲ. ನಮ್ಮ ಹಿಂದಿನವರಿಗೆ ಇದು ತಿಳಿದಿತ್ತೆಂದು ಕಾಣುತ್ತದೆ. ಅವರ ಅಳತೆಗಳನ್ನು ನೋಡಿ: ಗೇಣು, ಮೊಳ, ಮಾರು, ಹೆಜ್ಜೆ. ಎಲ್ಲವೂ ಮನುಷ್ಯನ ಮೈಯಿಂದಲೇ ಬಂದವು. ಅವುಗಳಲ್ಲಿ ನನಗೆ ಪ್ರಿಯವಾದದ್ದು ಕೂಗಳತೆ. ಒಬ್ಬರು ಕೂಗಿದರೆ ಇನ್ನೊಬ್ಬರಿಗೆ ಕೇಳಿಸುವಷ್ಟು ದೂರ. ಆ ಹಳೇಬೀದಿಯಲ್ಲಿ ದಿನಸಿ ಅಂಗಡಿ, ಹಿಟ್ಟಿನ ಗಿರಣಿ, ಹೂವಿನವಳು, ಕ್ಷೌರದಂಗಡಿ, ನನ್ನ ಲ್ಯಾಬು ಎಲ್ಲವೂ ಒಂದೆರಡು ಕೂಗಳತೆಯೊಳಗೆ. ಬಡಾವಣೆಯನ್ನು ಅಳೆದವರು ಟೇಪು ಹಿಡಿದಿದ್ದರು. ಅಲ್ಲಿ ಕೂಗಿದರೆ ನಾಯಿ ಮಾತ್ರ ಉತ್ತರಿಸುತ್ತದೆ.

ಬೈಕ್ ರಿಪೇರಿಯಾಗಿ ಬಂತು, ನಾನು ರಿಪೇರಿಯಾಗಲಿಲ್ಲ. ದಿನಾ ಅದೇ ಬೀದಿಯಲ್ಲಿ ನಡೆದೆ. ಅಲ್ಲೊಂದು ಮನೆ ಮಾರಾಟಕ್ಕಿದೆ ಎಂದು ಹೇಳಿದವರು ಚಹಾದಂಗಡಿಯ ಚಂದ್ರಣ್ಣ. “ಕಾರು ಒಳಗೆ ಬರಲ್ರೀ ಸೂಜಿ ಸಾಹೇಬ್ರೇ, ಮೊದ್ಲೇ ಹೇಳ್ತೀನಿ” ಎಂದು ಎಚ್ಚರಿಸಿದರು. ಇಲ್ಲದ ಕಾರು ಎಲ್ಲಿಗೆ ಬಾರದಿದ್ದರೇನು?

ಮನೆ ಗೌರಮ್ಮನವರದು. ಅವರ ಯಜಮಾನರು ಕೊಟ್ರಪ್ಪ ಪುರಸಭೆಯಲ್ಲಿ ನಲ್ಲಿ ನೀರು ಬಿಡುವ ಕೆಲಸದಲ್ಲಿದ್ದವರು, ತೀರಿಕೊಂಡು ಐದು ವರ್ಷ. ಮನೆ ತನಗೊಬ್ಬಳಿಗೆ ದೊಡ್ಡದಾಯಿತೆಂದು ಗೌರಮ್ಮ ನಾಲ್ಕು ಮನೆಯಾಚೆ ಎರಡು ಕೋಣೆ ನೋಡಿಕೊಂಡಿದ್ದರು. “ಬೀದಿ ಬಿಡಲ್ಲಪ್ಪ, ಮನೆ ಅಷ್ಟೇ ಬಿಡ್ತೀನಿ” ಎಂದರು. ದರದ ಮಾತು ಎರಡು ನಿಮಿಷಕ್ಕೆ ಮುಗಿಯಿತು. ಉಳಿದ ಅರ್ಧ ಗಂಟೆ ನನ್ನ ಪರೀಕ್ಷೆ.

“ಜಗಲಿಗೆ ಗ್ರಿಲ್ ಹಾಕಿಸ್ತೀಯೇನು?”

“ಇಲ್ಲಮ್ಮ.”

“ಬಿಸ್ಲಾಗೆ ಬಂದೋರು ಕುಂದ್ರಾಕೆ ಐತೆ ಅದು. ಗಾಡಿ ನಿಲ್ಸಾಕಲ್ಲ. ಸೋಮವಾರ ಬಾ, ಹೇಳ್ತೀನಿ.”

ಅದು ಗುರುವಾರ. ಶುಕ್ರವಾರ ಸಂಜೆಯೇ ನಾನು ನನ್ನ ಬುದ್ಧಿ ತೋರಿಸಿದೆ.

ಚಂದ್ರಣ್ಣನ ಅಂಗಡಿಯಲ್ಲಿ ಕೊಟ್ರಪ್ಪನವರ ಮಾತು ಬಂತು. ಒಂದು ಕಾಲು ಕುಂಟಂತೆ. ವಾಲ್ವ್ ತಿರುಗಿಸುವ ಉದ್ದನೆಯ ಕಬ್ಬಿಣದ ರಾಡನ್ನೇ ಊರುಗೋಲು ಮಾಡಿಕೊಂಡಿದ್ದರಂತೆ. ಚಪ್ಪಡಿಯ ಮೇಲೆ ಆ ರಾಡಿನ ಸದ್ದು ಕೇಳಿದರೆ ಸಾಕು, ಬೀದಿಯ ಹೆಂಗಸರು ನಲ್ಲಿಗೆ ಕೊಡ ಹಚ್ಚುತ್ತಿದ್ದರಂತೆ. “ಈಗಿನೋನು ಬೈಕಲ್ಲಿ ಬರ್ತಾನ್ರೀ. ನೀರು ಬಂದು ಹೋದ್ರೂ ಗೊತ್ತಾಗಲ್ಲ” ಎಂದು ಚಂದ್ರಣ್ಣ ನಿಟ್ಟುಸಿರುಬಿಟ್ಟರು. ಆಮೇಲೆ ನನ್ನ ಕಡೆ ತಿರುಗಿ, “ಎಲ್ಲಾರ್ನೂ ಮಾಡ್ತೀರಲ್ಲ, ಅವರ್ನ ಮಾಡಿ ನೋಡಾನ” ಎಂದರು.

ಕಾಣದವರನ್ನು ಮಾಡಬಾರದು ಎನ್ನುವ ನಿಯಮ ನನ್ನ ಕಲೆಯಲ್ಲಿ ಇರಬೇಕಿತ್ತು. ಅಂಗಡಿಯ ಷಟರ್ ಎಳೆಯುವ ಕಬ್ಬಿಣದ ಕೋಲನ್ನು ಎತ್ತಿಕೊಂಡೆ. ಕಾಲು ಎಳೆದೆ, ಕೋಲು ಬಡಿದೆ. ಕಾಲು, ಕೋಲು. ಚಪ್ಪಡಿ ಠಣ್ಣೆಂದಿತು. ಬೆಂಚು ನಕ್ಕಿತು. ದಿನವೆಲ್ಲ ನಡೆದು ದಣಿದ ಮನುಷ್ಯ ಮನೆ ಹತ್ತಿರವಾದಂತೆ ನಿಧಾನವಾಗುತ್ತಾನೆ ಎಂದು ನಾನೇ ಕಲ್ಪಿಸಿಕೊಂಡು, ಗೌರಮ್ಮನವರ ಜಗಲಿ ಸಮೀಪಿಸಿದಾಗ ವೇಗ ತಗ್ಗಿಸಿದೆ. ಈ ಸೂಕ್ಷ್ಮಕ್ಕೆ ನನಗೆ ನಾನೇ ಮನಸ್ಸಿನಲ್ಲಿ ಶಹಬ್ಬಾಸ್ ಕೊಟ್ಟುಕೊಂಡೆ.

ಬಾಗಿಲು ತೆರೆಯಿತು. ಗೌರಮ್ಮ ಹೊರಗೆ ಬಂದರು. ಕೈಯಲ್ಲಿ ಒಂದು ಚೊಂಬು ನೀರು.

ನನ್ನನ್ನು ನೋಡಿದರು. ಕೋಲನ್ನು ನೋಡಿದರು. ಚೊಂಬನ್ನು ಜಗಲಿಯ ಮೇಲಿಟ್ಟು ಒಳಗೆ ಹೋದರು. ಬೆಂಚಿನ ನಗೆ ಯಾವಾಗ ನಿಂತಿತೋ ತಿಳಿಯದು. ಚಂದ್ರಣ್ಣ ಬಂದು ನನ್ನ ಕೈಯಿಂದ ಕೋಲು ತೆಗೆದುಕೊಂಡರು. “ಹೋಗ್ರಿ ಮನೀಗೆ” ಎಂದರು, ಮೆಲ್ಲಗೆ. ಸಾಹೇಬ್ರೇ ಎನ್ನಲಿಲ್ಲ.

ಸೋಮವಾರ ನಾನು ಹೋಗಲಿಲ್ಲ. ಅದರ ಮುಂದಿನ ಸೋಮವಾರವೂ. ಬೈಕಿನಲ್ಲಿ ಊರನ್ನು ಸುತ್ತುಹಾಕಿ ಲ್ಯಾಬಿಗೆ ಹೋಗತೊಡಗಿದೆ. ಅಣಕು ಮಾಡಲು ಬಾಯಿ ಬರಲಿಲ್ಲ. ನಗುತ್ತಿದ್ದ ರೋಗಿಗಳು ಈಗ ಅಳುತ್ತಲೇ ರಕ್ತ ಕೊಟ್ಟರು. ಬಡಾವಣೆಯಲ್ಲೇ ಒಂದು ಮನೆ ನೋಡಿ ಬಂದೆ. ಕಾರು ನಿಲ್ಲಿಸುವ ಜಾಗ ದೊಡ್ಡದಾಗಿತ್ತು, ಕೂರುವ ಜಾಗ ಇರಲಿಲ್ಲ. ಆ ಚೊಂಬು ಮಾತ್ರ ಕಣ್ಣ ಮುಂದಿನಿಂದ ಕದಲಲಿಲ್ಲ. ಐದು ವರ್ಷದ ಮೇಲೆ ಒಬ್ಬ ಹೆಂಗಸು ಗಂಡ ಬಂದನೆಂದು ನೀರು ಹಿಡಿದು ಬಾಗಿಲಿಗೆ ಓಡಿಬಂದಳು, ಬಂದವನು ನಾನು. ಮನೆ ಕೊಳ್ಳುವವನು ಗೋಡೆ, ಚಾವಣಿ, ಕಾಗದಪತ್ರ ನೋಡುತ್ತಾನೆ. ಆ ಮನೆಯ ಬಾಗಿಲು ಯಾರಿಗಾಗಿ ತೆರೆದು ಅಭ್ಯಾಸವಾಗಿದೆ ಎಂದು ಯಾರು ಕೇಳುತ್ತಾರೆ?

ನಿಜವನ್ನೆಲ್ಲ ಹೇಳಿಬಿಡುತ್ತೇನೆ. ಆ ಸಂಕಟದ ತಳದಲ್ಲಿ ಒಂದು ಚಿಟಿಕೆ ಹೆಮ್ಮೆಯೂ ಇತ್ತು. ಕಾಣದ ಮನುಷ್ಯನನ್ನು ಅವನ ಹೆಂಡತಿಯೇ ನಂಬುವಂತೆ ಮಾಡಿದೆನಲ್ಲ ಎಂಬ ಹೆಮ್ಮೆ. ಅದು ಕಂಡಾಗ ನನ್ನ ಮೇಲೆ ನನಗೇ ಅಸಹ್ಯವಾಯಿತು.

ಮೂರನೆಯ ಸೋಮವಾರ ಬೈಕನ್ನು ಬೀದಿಯ ತುದಿಯಲ್ಲೇ ಬಿಟ್ಟು ನಡೆದುಹೋದೆ. ಚಪ್ಪಲಿ ಸದ್ದಾಗದಂತೆ, ಕಳ್ಳನ ಹಾಗೆ. ಗೌರಮ್ಮ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದರು. ನಿಂತೇ ಹೇಳಿದೆ: “ಅಮ್ಮಾ, ಅವರೇ ಬಂದ್ರು ಅನ್ನಿಸೋ ಹಂಗೆ ಮಾಡಿಬಿಟ್ಟೆ. ನಿಮಗೆ ಎಷ್ಟು ನೋವಾಯ್ತೋ. ಮನೆ ಕೊಡಬ್ಯಾಡ್ರಿ ನಂಗೆ. ತಪ್ಪಾಯ್ತು ಅಂತ ಹೇಳಾಕೆ ಬಂದೆ, ಅಷ್ಟೇ.”

ಅವರು ಕೈಯಲ್ಲಿದ್ದ ಕಾಯನ್ನು ಬಿಡಿಸಿ ಮುಗಿಸಿದರು. ಸಿಪ್ಪೆಯನ್ನು ಒಂದು ಕಡೆಗೆ, ಕಾಳನ್ನು ಇನ್ನೊಂದು ಕಡೆಗೆ ಹಾಕಿದರು. ಆಮೇಲೆ ತಲೆಯೆತ್ತಿದರು.

“ಅವರು ರಾಡು ಮೊದ್ಲು ಊರಿ ಆಮ್ಯಾಲೆ ಕಾಲು ಎಳೀತಿದ್ರು, ನೀನು ಕಾಲು ಎಳೆದು ಆಮ್ಯಾಲೆ ಕೋಲು ಬಡಿದಿ. ಯಾರೋ ಪಾಪ ಬಿದ್ದು ಕಾಲು ಮುರ್ಕೊಂಡು ಬರ್ತಾ ಅದಾರೆ ಅಂತ ನೀರು ತಂದೆ ನಾನು. ಮನೆ ಹತ್ರ ಬಂದಂಗೆ ನೀನು ನಿಧಾನ ಆದಿ, ಅವರು ಜೋರಾಗ್ತಿದ್ರು ಕಣಪ್ಪ. ಸ್ವಂತ ಮನೀಗೆ ಬರೋರು ಎಲ್ಲಾದ್ರೂ ಹಂಗೆ ನಡೀತಾರೇನು? ಮನೆ ತಗೊ, ಒಂದು ವರ್ಷ ಇರು, ಆಮ್ಯಾಲೆ ಮಾಡು ಅವರ್ನ.”