ಬಕೆಟ್ಟಿನ ಗುಳ್ಳೆ

ತುಮಕೂರಿನ ಆಸ್ಪತ್ರೆಯೊಂದರಲ್ಲಿ ನಾನು ನರ್ಸಾಗಿದ್ದಾಗ, ಎದೆಯ ಆಪರೇಷನ್ ಕಲಿಸುವ ದೊಡ್ಡ ಡಾಕ್ಟರೊಬ್ಬರಿದ್ದರು. ಪರೀಕ್ಷೆಯ ದಿನ ಗುಬ್ಬಿಯ ಮಟನ್ ಅಂಗಡಿಯಿಂದ ಮೇಕೆಯ ಶ್ವಾಸಕೋಶವನ್ನು ಸ್ಟೀಲ್ ಡಬ್ಬಿಯಲ್ಲಿ ತರುತ್ತಿದ್ದರು.

"ಊಟಕ್ಕಾ ಸರ್, ಪರೀಕ್ಷೆಗಾ?" ಅಂತ ನಾನು ಕೇಳಿದರೆ, "ಫೇಲಾದೋರಿಗೆ ಸಾರು ಮಾಡಿ ಬಡ್ಸಿ ಸಿಸ್ಟರ್" ಅನ್ನುತ್ತಿದ್ದರು.

ಕಲಿಯಲು ಬಂದ ಕಿರಿಯ ಡಾಕ್ಟರುಗಳು ಅದನ್ನು ಕೊಯ್ದು ಹೊಲಿಯಬೇಕು. ಆಮೇಲೆ ಇವರು ಅದಕ್ಕೆ ಗಾಳಿ ತುಂಬಿ, ಪಂಕ್ಚರ್ ಅಂಗಡಿಯವನು ಟ್ಯೂಬ್ ಅದ್ದುವ ಹಾಗೆ ಬಕೆಟ್ಟಿನ ನೀರಿಗೆ ಅದ್ದುತ್ತಿದ್ದರು. ಗುಳ್ಳೆ ಎದ್ದರೆ ಫೇಲ್. "ನನ್ ಮುಖ ನೋಡ್ಬೇಡ, ನೀರು ನೋಡು" ಅನ್ನುವುದು ಅವರ ಯಾವತ್ತಿನ ಮಾತು.

ಕೊನೆಯ ಸಲ ಪರೀಕ್ಷೆಗೆ ನಿಂತವಳು ಕುಣಿಗಲ್ ಕಡೆಯ ಹುಡುಗಿ. ಅವಳ ಹೊಲಿಗೆಯಿಂದ ಒಂದು ಗುಳ್ಳೆಯೂ ಏಳಲಿಲ್ಲ. ಮರುದಿನ ಹುತ್ರಿದುರ್ಗದ ಅಜ್ಜನೊಬ್ಬನಿಗೆ ಡಾಕ್ಟರು ಆಪರೇಷನ್ ಮಾಡಬೇಕಿತ್ತು. ಈಚೆಗೆ ಡಾಕ್ಟರ ಬೆರಳು ನಡುಗುವುದನ್ನು ನಾವೆಲ್ಲ ಕಂಡಿದ್ದೆವು, ಯಾರೂ ಬಾಯಿಬಿಟ್ಟಿರಲಿಲ್ಲ. ಹುಡುಗಿಯ ಪರೀಕ್ಷೆ ಮುಗಿದ ಮೇಲೆ, ಯಾರೂ ಕೇಳದಿದ್ದರೂ ತಾವೂ ಕೊಯ್ದು ಹೊಲಿಗೆ ಹಾಕಿ ನೀರಿಗೆ ಅದ್ದಿದರು. ಸಣ್ಣ ಗುಳ್ಳೆಗಳು ಸಾಲಾಗಿ ಎದ್ದವು.

"ಹೇಳಮ್ಮ, ಪಾಸಾ, ಫೇಲಾ?"

"ಮೇಕೆದೇ ಏನೋ ತೊಂದ್ರೆ ಇರ್ಬೇಕು ಸರ್..."

"ನನ್ ಮುಖ ನೋಡ್ಬೇಡ ಕಣಮ್ಮ, ನೀರು ನೋಡು."

ಅವಳು ನೋಡಿದಳು. "ಫೇಲ್ ಸರ್" ಅಂದವಳೇ ಅತ್ತುಬಿಟ್ಟಳು.

"ಈಗ ನೀನು ಪಾಸಾದೆ. ನಾಳೆ ಅಜ್ಜನ ಆಪರೇಷನ್ ನೀನೇ ಮಾಡು, ನಾನು ಪಕ್ಕದಲ್ಲಿ ನಿಂತಿರ್ತೀನಿ."

ಗ್ಲೌಸ್ ಬಿಚ್ಚಿದರು. ಯಾವಾಗಲೂ ಆಯಾ ಎತ್ತುತ್ತಿದ್ದ ಬಕೆಟ್ಟನ್ನು ತಾವೇ ಎತ್ತಿಕೊಂಡು ಹೊರಗೆ ಹೋದರು. ನೀರು ಚೆಲ್ಲುವುದಕ್ಕೆ ಅಷ್ಟು ಹೊತ್ತು ಬೇಕಿರಲಿಲ್ಲ. ನಾವು ಯಾರೂ ಹಿಂದೆ ಹೋಗಲಿಲ್ಲ.